ಬಳುವಳಿಯ ನಾಯಿ

ನನ್ನ ತಂಗಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಯಾರಾದರೂ ನನ್ನನ್ನು ತ್ಯಾಗಮಯಿ ಅಕ್ಕ ಎಂದುಕೊಂಡು ಮೋಸಹೋಗುವುದು ಬೇಡ. ವಯಸ್ಸಾದಂತೆ ಇದೆಲ್ಲ ಕಡಿಮೆಯಾಗುತ್ತದೆ ಎಂದು ಕೆಲವರು ಸಮಾಧಾನ ಹೇಳಿದ್ದರು. ಅವರಿಗೆ ತಂಗಿಯರು ಇರಲಿಲ್ಲವೆಂದು ಕಾಣುತ್ತದೆ.

ಅಮ್ಮ ತನ್ನ ಮೈಯನ್ನು ನಮ್ಮಿಬ್ಬರಿಗೆ ಹಂಚಿದ್ದರಲ್ಲೇ ಅನ್ಯಾಯವಿತ್ತು. ಸೊಂಟದ ಕೆಳಗೆ ಇಳಿಯುವ ಕೂದಲು ತಂಗಿಗೆ ಹೋಯಿತು. ಸಾಲಾಗಿ ಕೂತ ಹಲ್ಲೂ ಅವಳಿಗೇ ಹೋಯಿತು. ನನಗೆ ಬಂದದ್ದು ಅಮ್ಮನ ಸೊಂಟ. ಅಮ್ಮನಿಗೆ ಹುಟ್ಟಿದಾಗಿನಿಂದ ಎಡಗಡೆ ಸೊಂಟದ ಕೀಲು ಸರಿಯಾಗಿ ಕೂತಿರಲಿಲ್ಲ. ಎಡಗಾಲು ಊರಿದಾಗಲೆಲ್ಲ ಮೈ ಆ ಕಡೆಗೆ ವಾಲಿ, ಮತ್ತೆ ಎದ್ದು ನೇರವಾಗುತ್ತಿತ್ತು. ಅವಳ ಅಮ್ಮನೂ ಹಾಗೆಯೇ ನಡೆಯುತ್ತಿದ್ದಳಂತೆ. ನಾನೂ ಹಾಗೆಯೇ ನಡೆಯುತ್ತೇನೆ. ತಂಗಿ ಮಾತ್ರ ತುಂಬಿದ ಬಿಂದಿಗೆ ತಲೆಯ ಮೇಲಿದ್ದರೂ ಒಂದು ಹನಿ ಚೆಲ್ಲದೆ ನಡೆದುಬರುತ್ತಾಳೆ.

ನಮ್ಮದು ಅಮರಾಪುರದ ಹತ್ತಿರದ ಹಳ್ಳಿ. ಅಪ್ಪ ಕುರಿ ಸಾಕಿದ್ದ. ನಮ್ಮ ಕಡೆ ಹೆಣ್ಣು ನೋಡಲು ಬಂದವರು ನಡೆದು ತೋರಿಸು ಎಂದು ಬಾಯಿಬಿಟ್ಟು ಕೇಳುವುದಿಲ್ಲ. ಮರ್ಯಾದಸ್ಥರು, ನೀರು ಕೇಳುತ್ತಾರೆ. ಹುಡುಗಿ ಒಳಗೆ ಹೋಗಿ ತರುವಷ್ಟರಲ್ಲಿ ಹೋಗುವ ನಡಿಗೆಯೂ ಕಾಣುತ್ತದೆ, ಬರುವ ನಡಿಗೆಯೂ ಕಾಣುತ್ತದೆ. ಹೇಮಾವತಿ ಕಡೆಯಿಂದ ನನ್ನನ್ನು ನೋಡಲು ಬಂದವರು ಮೊದಲು ನೀರು ಕೇಳಿದರು. ತಂದುಕೊಟ್ಟೆ. ಆಮೇಲೆ ಸುಣ್ಣ ಕೇಳಿದರು. ಸುಣ್ಣದ ಡಬ್ಬಿ ಅವರ ಮುಂದಿನ ಎಲೆಯಡಿಕೆ ತಟ್ಟೆಯಲ್ಲೇ ಇತ್ತು. ಆದರೂ ಎದ್ದುಹೋಗಿ ಇನ್ನೊಂದು ಡಬ್ಬಿ ತಂದಿಟ್ಟೆ. ಅಷ್ಟರಲ್ಲಿ ಅಡುಗೆಮನೆ ಬಾಗಿಲಲ್ಲಿ ಇಣುಕುತ್ತಿದ್ದ ತಂಗಿ ಅವರ ಕಣ್ಣಿಗೆ ಬಿದ್ದಿದ್ದಳು. ಕೆಲವು ದಿನ ಬಿಟ್ಟು, ಚಿಕ್ಕವಳನ್ನು ಕೊಡುವುದಾದರೆ ಮಾತಾಡೋಣ ಎಂದು ಹೇಳಿಕಳಿಸಿದರು.

ಅಮ್ಮ ಸುತರಾಂ ಆಗದು ಎಂದು ಹಟ ಹಿಡಿದಳು. "ಕೊಡಮ್ಮ, ನಂಗೇನು ಬೇಜಾರಿಲ್ಲ" ಎಂದವಳು ನಾನೇ. ಆ ಮಾತು ನನ್ನ ಬಾಯಿಂದ ಹೇಗೆ ಹೊರಬಿತ್ತೋ ಈಗಲೂ ತಿಳಿಯದು. ಬೇಜಾರು ಬೆಟ್ಟದಷ್ಟಿತ್ತು. ನನ್ನ ಕೈಯಿಂದ ನೀರು ಕುಡಿದವನೇ ತಂಗಿಯ ಗಂಡನಾದ. ಆಮೇಲೆ ಬಂದವರಿಗೆ ನಾನು ಕೂತಲ್ಲಿಂದ ಏಳಲೇ ಇಲ್ಲ. ನೀರು ಬೇಕಾದರೆ ಹಂಡೆ ಅಲ್ಲಿದೆ ಎಂದು ತೋರಿಸಿದೆ. ಅಮ್ಮ ತೀರಿಹೋದ ಮೇಲೆ ಬರುವವರೂ ನಿಂತರು.

ಆ ವರ್ಷಗಳಲ್ಲಿ ನಮ್ಮ ಕಡೆಯ ಜನ ಗಾರ್ಮೆಂಟ್ಸ್ ಕೆಲಸ ಹಿಡಿದು ಹಿಂದೂಪುರ, ಬಳ್ಳಾರಿ, ಬೆಂಗಳೂರು ಎಂದು ಚೆದುರಿಹೋದರು. ತಂಗಿಯ ಗಂಡನಿಗೆ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ತೊಳೆಯುವ ಯೂನಿಟ್ಟಿನಲ್ಲಿ ಕೆಲಸ ಸಿಕ್ಕಿತು. ತಂಗಿ ಮನೆಯಲ್ಲೇ ಮಿಷನ್ ಹಾಕಿಕೊಂಡು ಜೇಬು ಹೊಲಿಯತೊಡಗಿದಳು. ಒಂಟಿ ಹೆಣ್ಣು ತಂಗಿಯ ಊರಲ್ಲಿದ್ದರೆ ಚೆನ್ನ ಎಂದು ಎಲ್ಲರೂ ಸೇರಿ ನನ್ನನ್ನೂ ಅಲ್ಲಿಗೆ ಕಳಿಸಿದರು. ಕೋಟೆ ಬೆಟ್ಟದ ಕೆಳಗಿನ ಒಂದೇ ಓಣಿ, ನಡುವೆ ನಾಲ್ಕಾರು ಮನೆ. ಅವಳ ಮನೆಯ ಒಗ್ಗರಣೆಯ ಸದ್ದು ನನ್ನ ಮನೆಗೆ ಕೇಳುತ್ತಿತ್ತು. ಜೊತೆಯಲ್ಲಿ ಮೇಯಿಸುವವರಿಲ್ಲದೆ ಅಪ್ಪ ತಂಗಿಯ ಮದುವೆಗೂ ಮೊದಲೇ ಕುರಿ ಮಾರಿದ್ದ, ಆಮೇಲೆ ಮಡಕಶಿರಾ ಹತ್ತಿರ ಬೆಂಗಳೂರಿನವರೊಬ್ಬರ ತೋಟಕ್ಕೆ ಕಾವಲು ಸೇರಿಕೊಂಡಿದ್ದ. ಇರುವುದಕ್ಕೆ ತೋಟದಲ್ಲೇ ಒಂದು ರೂಮು ಕೊಟ್ಟಿದ್ದರು. ಅಲ್ಲಿ ಅವನಿಗೆ ಖುಷಿಯೇ ಇತ್ತು, ಅಡುಗೆಯನ್ನೂ ಕಲಿತಿದ್ದ.

ನನ್ನ ಕೆಲಸ ಪ್ಯಾಂಟು ಹೊಲಿಯುವ ಯೂನಿಟ್ಟಿನ ಚೆಕಿಂಗ್ ಟೇಬಲ್ಲಿನಲ್ಲಿ. ಹೊಲಿದು ಬಂದ ಪ್ಯಾಂಟನ್ನು ಎರಡೂ ಕಾಲು ಹಿಡಿದು ಒಮ್ಮೆ ಕೊಡವಿದರೆ ನನಗೆ ಸಾಕು. ಕಾಲು ತಿರುಚಿಕೊಂಡಿದೆಯೋ, ಜಿಪ್ಪು ಸೊಟ್ಟಗಿದೆಯೋ, ಬೆಲ್ಟಿನ ಹೊಲಿಗೆ ಜಾರಿದೆಯೋ ಕಣ್ಣಿಗೆ ಬೀಳುತ್ತದೆ. ತಪ್ಪಿದ್ದರೆ ಡ್ಯಾಮೇಜ್ ಗುಡ್ಡೆಗೆ ಎಸೆಯುತ್ತೇನೆ. ಟೈಲರುಗಳು ಓನರಿಗಿಂತ ನನ್ನ ಬಾಯಿಗೆ ಹೆಚ್ಚು ಹೆದರುತ್ತಿದ್ದರು. ಊರಿನ ತಪ್ಪನ್ನೆಲ್ಲ ಕಂಡುಹಿಡಿಯುವುದಕ್ಕೆ ಸಂಬಳ ಬೇರೆ ಸಿಗುತ್ತದಲ್ಲ ಎಂದು ನನಗೆ ಒಳಗೊಳಗೇ ಹಿಗ್ಗಿತ್ತು.

ತಂಗಿಯ ಮದುವೆಗೆ ಅಪ್ಪ ಬಳುವಳಿ ಕೊಟ್ಟಿರಲಿಲ್ಲ. ನಮ್ಮಲ್ಲಿ ಮದುವೆಯಾಗಿ ಹೋಗುವ ಮಗಳಿಗೆ ತವರಿನಿಂದ ಒಂದು ಹೆಣ್ಣು ಕುರಿಮರಿ ಕೊಡುವುದು ರೂಢಿ. ಅದರಿಂದ ಹುಟ್ಟಿದ್ದೆಲ್ಲ ಮಗಳ ಸ್ವಂತದ್ದು, ಅದಕ್ಕೆ ಗಂಡನೂ ಕೈಹಾಕುವಂತಿಲ್ಲ. ಆದರೆ ಮೊದಲ ಮರಿ ಮಾತ್ರ ತವರಿಗೆ ವಾಪಸು ಬರಬೇಕು. ಮದುವೆಯ ಹೊತ್ತಿಗೆ ಅಪ್ಪನ ಹಟ್ಟಿಯಲ್ಲಿ ಕುರಿಯೇ ಇರಲಿಲ್ಲ. ತಂಗಿ ಹಬ್ಬಕ್ಕೆ ಬಂದಾಗಲೆಲ್ಲ "ನನ್ನ ಕುರಿ ಎಲ್ಲಪ್ಪ?" ಎಂದು ಅವನನ್ನು ರೇಗಿಸುತ್ತಿದ್ದಳು.

ಹೀಗಿರುವಾಗ ಅಪ್ಪ ಕಾಯುತ್ತಿದ್ದ ತೋಟದ ನಾಯಿ ಮರಿ ಹಾಕಿತು. ಅದು ಗ್ರೇಟ್ ಡೇನ್ ಎಂಬ ಜಾತಿಯ ನಾಯಿ. ನಿಂತರೆ ಅಪ್ಪನ ಸೊಂಟದ ಮಟ್ಟಕ್ಕೆ ಬರುತ್ತಿತ್ತು. ತೋಟದ ಯಜಮಾನರು ಎರಡು ಹೆಣ್ಣುಮರಿಗಳನ್ನು ಅಪ್ಪನಿಗೆ ಕೊಟ್ಟರು. ಅಪ್ಪ ಅಂದೇ ಫೋನ್ ಮಾಡಿದ. "ಬಳುವಳಿ ತಗೊಂಡೋಗಾಕೆ ಬರ್ರಮ್ಮ ಇಬ್ರೂವೆ" ಎಂದ.

"ನಂಗ್ಯಾತಕ್ಕಪ್ಪ ಬಳುವಳಿ? ಮದುವೆ ಎಲ್ಲಾಗೈತೆ?" ಎಂದೆ.

"ನಿಂದು ಮುಂಗಡ ಅಂದ್ಕೊ" ಎಂದ. ಮದುವೆಗೆ ಮೊದಲೇ ಬಳುವಳಿ ಪಡೆದ ಹೆಣ್ಣು ಆ ಸುತ್ತಿನಲ್ಲಿ ನಾನೊಬ್ಬಳೇ ಇರಬೇಕು.

ಕುರಿಮರಿ ಕೊಡುವಾಗ ಹೇಗೋ ಹಾಗೆಯೇ ಅಪ್ಪ ಆ ಎರಡು ನಾಯಿಮರಿಗಳನ್ನು ತೋಟದ ಬಯಲಿಗೆ ಬಿಟ್ಟ. ಆರಿಸಿಕೊಳ್ಳುವ ಹಕ್ಕು ಮೊದಲು ಹಿರಿಯವಳದು. ಕುರಿ ಸಾಕಿದವರಿಗೆ ಮರಿ ಆರಿಸುವುದು ಹೇಳಿಕೊಡಬೇಕಾಗಿಲ್ಲ. ಓಡುವಾಗ ಎಗರಿ ಎಗರಿ ಬೀಳುವ ಮರಿ ಗಟ್ಟಿ. ಸಪ್ಪಗೆ ಹೆಜ್ಜೆ ಇಡುವ ಮರಿ ಇವತ್ತೋ ನಾಳೆಯೋ ಅನ್ನುವಂಥದ್ದು. ಎರಡರಲ್ಲಿ ಬೂದು ಬಣ್ಣದ್ದು ಹಿಂಗಾಲೆರಡನ್ನೂ ಜೋಡಿಸಿ ಮೊಲದ ಹಾಗೆ ಜಿಗಿಯುತ್ತ ಬಂದು ನನ್ನ ಕಾಲಿಗೆ ಬಿತ್ತು. ಇನ್ನೊಂದು ಕಂದು ಬಣ್ಣದ್ದು, ರೇಷನ್ನಿಗೆ ಹೊರಟ ಅಜ್ಜಿಯ ಹಾಗೆ ಒಂದೊಂದೇ ಹೆಜ್ಜೆ ಇಡುತ್ತ ಹಿಂದೆ ಬಂತು. ನಾನು ಬೂದಿಯ ಬಣ್ಣದವಳನ್ನು ಎತ್ತಿಕೊಂಡೆ. "ಭಲೇ, ಕುರುಬರ ಮಗಳು!" ಎಂದು ಅಪ್ಪ ಮೆಚ್ಚಿದ. ತಂಗಿ ಉಳಿದದ್ದನ್ನು ಮಡಿಲಲ್ಲಿ ಹಾಕಿಕೊಂಡಳು. ಉಳಿದದ್ದು ಅವಳಿಗೆ ಸಿಕ್ಕಿದ್ದು ಅದೇ ಮೊದಲ ಸಲ. ರಾಯದುರ್ಗದವರೆಗೂ ಬಸ್ಸಿನಲ್ಲಿ ನಾನು ನಗುತ್ತಲೇ ಇದ್ದೆ. ಮರಿಗಳ ದಪ್ಪ ಪಾದ ನೋಡಿದ ಕಂಡಕ್ಟರು "ಇದಿ ಕುಕ್ಕ ಕಾದಮ್ಮಾ, ದೂಡ" ಎಂದ. ನಾಯಿಯಲ್ಲ, ಕರು ಎಂದು. ಅದಕ್ಕೂ ನಕ್ಕೆ.

ಅವು ನಿಜಕ್ಕೂ ಕರುವಿನಷ್ಟೇ ಬೆಳೆದವು. ರಾಗಿಮುದ್ದೆ, ಮಜ್ಜಿಗೆ, ಕೋಳಿ ಅಂಗಡಿಯಿಂದ ತಂದ ಕಾಲು, ಕತ್ತು. ನಾನು ಬೇಯಿಸಿ ಮುಗಿಸುವುದರೊಳಗೆ ನನ್ನವಳು ಪಾತ್ರೆಯ ಪಕ್ಕ ಬಂದು ಕೂತಿರುತ್ತಿದ್ದಳು. ಎದ್ದು ನಿಂತರೆ ನನ್ನ ತಗಡಿನ ಮನೆಯಲ್ಲಿ ನನಗೆ ಜಾಗವಿರುತ್ತಿರಲಿಲ್ಲ. ಕಾರ್ಖಾನೆಯ ಚಿಂದಿ ಜೀನ್ಸ್ ಬಟ್ಟೆ ತುಂಬಿ ಅವಳಿಗೊಂದು ಹಾಸಿಗೆ ಹೊಲಿದೆ. ಸಂಜೆ ಕೆಲಸ ಬಿಟ್ಟು ಬಂದಾಗ ಓಣಿಯ ತುದಿಯಲ್ಲೇ ನನ್ನ ನಡಿಗೆ ಗುರುತಿಸಿ ಓಡಿಬರುತ್ತಿದ್ದಳು. ಹಿಂಗಾಲೆರಡನ್ನೂ ಒಟ್ಟಿಗೆ ನೆಲಕ್ಕೆ ತಾಕಿಸಿ ಚಿಮ್ಮುವ ಆ ಓಟ ನೋಡಲು ಜನ ಕಟ್ಟೆಗೆ ಬಂದು ನಿಲ್ಲುತ್ತಿದ್ದರು. "ಜಿಂಕಿ ಓಡಿದಂಗ ಓಡ್ತೈತ್ರಿ ನಿಮ್ಮ ನಾಯಿ" ಎನ್ನುತ್ತಿದ್ದರು. ತಂಗಿಯ ನಾಯಿ ಪಾಪ, ಎಲ್ಲ ನಾಯಿಗಳ ಹಾಗೆ ಓಡುತ್ತಿತ್ತು. ಅದನ್ನು ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ತಂಗಿ ಜೇಬು ಹೊಲಿಯುವುದು ನಿಲ್ಲಿಸಿ ಕಿಟಕಿಯಿಂದ ನನ್ನವಳನ್ನು ನೋಡುತ್ತಾಳೋ ಇಲ್ಲವೋ ಎಂದು ನಾನು ಓರೆಗಣ್ಣಿನಲ್ಲಿ ಗಮನಿಸುತ್ತಿದ್ದೆ. ನೋಡುತ್ತಿದ್ದಳು. ನನ್ನ ಬದುಕಿನಲ್ಲಿ ಅಷ್ಟು ಸುಖದ ಕಾಲ ಇನ್ನೊಂದಿಲ್ಲ.

ಬೆಳಿಗ್ಗೆ ಏಳುವಾಗ ನನ್ನವಳು ಮುಂಗಾಲು ಊರಿ ತುಸು ಹೊತ್ತು ಹಾಗೆಯೇ ಇರುತ್ತಿದ್ದಳು. ಮೆಟ್ಟಿಲು ಕಂಡರೆ ನಿಂತುಬಿಡುತ್ತಿದ್ದಳು. ರಾಣಿಯ ಗತ್ತು ಎಂದುಕೊಂಡೆ. ದಿನವಿಡೀ ಪ್ಯಾಂಟಿನ ಕಾಲು ನೋಡಿ ತಪ್ಪು ಹಿಡಿಯುವವಳಿಗೆ ಮನೆಯಲ್ಲಿ ಏನೂ ಕಾಣಲಿಲ್ಲ.

ಎರಡೂ ನಾಯಿಗಳಿಗೆ ಎರಡು ವರ್ಷ ತುಂಬಿದಾಗ ಮರಿ ಹಾಕಿಸುವ ಮಾತು ಬಂತು. ನನಗೆ ಮರಿ ಬೇಕೇಬೇಕಿತ್ತು. ಯಾಕೆಂದು ಸುತ್ತಿಬಳಸದೆ ಹೇಳುತ್ತೇನೆ. ತಂಗಿಗೆ ಗಂಡನಿದ್ದ, ಇಬ್ಬರು ಮಕ್ಕಳಿದ್ದರು, ಗೋಡೆ ತುಂಬ ಫೋಟೊಗಳಿದ್ದವು. ನನ್ನ ಮನೆಯಲ್ಲಿ ಒಂದು ಬಾಣಂತನ ಆಗಬೇಕು, ಓಣಿಯ ಹೆಂಗಸರೆಲ್ಲ ಬಗ್ಗಿ ನನ್ನ ಮನೆಯೊಳಗೆ ನೋಡಬೇಕು. ಮೊದಲ ಮರಿಯನ್ನು ಅಪ್ಪನಿಗೆ ನಾನು ಕೊಂಡೊಯ್ದು ಕೊಡಬೇಕು, ಅವಳಿಗಿಂತ ಮೊದಲು.

ತಂಗಿಯ ಗಂಡನೇ ಗಂಡುನಾಯಿಯನ್ನು ಹುಡುಕಿದ. ಬಳ್ಳಾರಿಯಲ್ಲಿ ಪ್ಯಾಂಟಿನ ಹೋಲ್‌ಸೇಲ್ ವ್ಯಾಪಾರದ ಒಬ್ಬರು ಅದೇ ಜಾತಿಯದನ್ನು ಸಾಕಿದ್ದರು. ಅವರದ್ದು ಒಂದೇ ಷರತ್ತು. ಹೆಣ್ಣುನಾಯಿಯ ಸೊಂಟದ ಎಕ್ಸ್‌ರೇ, ಹೃದಯದ ಪರೀಕ್ಷೆ ಎರಡೂ ಆಗಬೇಕು, ಅವರ ನಾಯಿಗೂ ಮಾಡಿಸಿದ್ದಾರೆ. ಅವರ ಹಿಂದಿನ ನಾಯಿ ಚೆನ್ನಾಗಿದ್ದದ್ದು ಹೃದಯ ದೊಡ್ಡದಾಗಿ ಸತ್ತುಹೋಗಿತ್ತಂತೆ. ಆ ಕಾಯಿಲೆ ಅದರ ಅಪ್ಪನಿಗೂ ಇತ್ತೆಂದು ಆಮೇಲೆ ತಿಳಿಯಿತಂತೆ. "ನಾಯಿಗೂ ಜಾತಕ ಕೇಳ್ತಾರಲ್ಲ" ಎಂದು ನಾನು ನಕ್ಕೆ. ನನ್ನವಳು ಪಾಸಾಗುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ತಂಗಿಯದರ ಬಗ್ಗೆಯೇ ಸ್ವಲ್ಪ ಮರುಕ ಪಟ್ಟೆ.

ಎರಡನ್ನೂ ಲಗೇಜ್ ಆಟೊದಲ್ಲಿ ಹತ್ತಿಸಿಕೊಂಡು ಬಳ್ಳಾರಿಗೆ ಹೋದೆವು. ಮಂಪರು ಬರುವ ಇಂಜೆಕ್ಷನ್ ಕೊಟ್ಟು, ಅಂಗಾತ ಮಲಗಿಸಿ, ಹಿಂಗಾಲೆರಡನ್ನೂ ನೀಟಾಗಿ ಎಳೆದು ಹಿಡಿದು ಎಕ್ಸ್‌ರೇ ತೆಗೆದರು. ನಾಲಿಗೆ ಹೊರಗೆ ಚಾಚಿ ಮಲಗಿದ ನನ್ನವಳನ್ನು ನೋಡಲಾಗದೆ ನಾನು ಹೊರಗೆ ಬಂದು ನಿಂತೆ. ಹೃದಯದ ಪರೀಕ್ಷೆಯಲ್ಲಿ ಎರಡೂ ಚೆನ್ನಾಗಿದ್ದವು. ಆಮೇಲೆ ಡಾಕ್ಟರು ಎರಡು ಫಿಲ್ಮುಗಳನ್ನು ಬೆಳಕಿನ ಮುಂದೆ ಅಕ್ಕಪಕ್ಕ ಸಿಕ್ಕಿಸಿದರು.

"ಇಲ್ಲಿ ನೋಡ್ರಿ. ತೊಡಿ ಎಲುಬಿನ ತುದಿ ಗುಂಡಗಿರ್ತೈತಿ, ಸೊಂಟದಾಗ ಅದಕ್ಕೊಂದು ಬಟ್ಟಲಿರ್ತೈತಿ. ಈ ಕಂದು ನಾಯಿದು ಬಟ್ಟಲದಾಗ ಸರಿಯಾಗಿ ಕುಂತೈತಿ. ಈ ಬೂದಿ ಬಣ್ಣದ್ದು ನೋಡ್ರಿ, ಅರ್ಧ ಹೊರಗೈತಿ. ಎರಡೂ ಕಡೆ."

ಯಾವುದು ಯಾರದೆಂದು ಅವರಿಗೆ ಗೊತ್ತಿರಲಿಲ್ಲ. ತಂಗಿ ನನ್ನ ಕಡೆ ನೋಡಲಿಲ್ಲ.

"ಎಂಥಾ ಓಟ ಓಡ್ತಾಳೆ ಗೊತ್ತಾ ಸಾರ್? ಜಿಂಕೆ ಜಿಗಿದಂಗೆ" ಎಂದೆ. ಮೊಬೈಲಿನಲ್ಲಿದ್ದ ವಿಡಿಯೊ ತೋರಿಸಿದೆ. ಡಾಕ್ಟರು ಪೂರ್ತಿ ನೋಡಿದರು. ಆಮೇಲೆ ಮೆತ್ತಗೆ ಹೇಳಿದರು.

"ಅದು ಚಂದಕ್ಕ ಜಿಗಿಯಂಗಿಲ್ರಿ ಅಕ್ಕಾರ. ಒಂದೊಂದ ಕಾಲಿನ ಮ್ಯಾಲೆ ಭಾರ ಹಾಕಿದ್ರ ನೋಯ್ತೈತಿ. ಅದಕ್ಕ ಎರಡೂ ಕೂಡಿಸಿ ಜಿಗಿತೈತಿ."

ಎರಡು ವರ್ಷ ಓಣಿಯೆಲ್ಲ ನಿಂತು ಮೆಚ್ಚಿದ್ದು ಅವಳ ನೋವನ್ನು.

"ಒಂದೇ ಹೊಟ್ಟೇಲಿ ಹುಟ್ಟಿದವು ಸಾರ್. ಒಂದೇ ಅನ್ನ ತಿಂದವು. ಅದಕ್ಕಿಲ್ಲದ್ದು ಇದಕ್ಯಾಕೆ?"

"ವಂಶದಿಂದ ಬರೋದು ಹಂಗರಿ. ಎಲ್ಲಾ ಮರಿಗೂ ಸಮ ಹಂಚಂಗಿಲ್ಲ. ಇದಕ್ಕ ಮರಿ ಹಾಕಿಸಬ್ಯಾಡ್ರಿ. ಮರಿಗೂ ಇದ ಹೋಗ್ತೈತಿ, ಇದಕ್ಕೂ ತ್ರಾಸ. ಮರಿಯಾಗದಂಗ ಆಪರೇಷನ್ ಮಾಡಿಸಿಬಿಡ್ರಿ, ತೂಕ ಏರದಂಗ ನೋಡ್ಕೊಳ್ರಿ, ಬಾಳ ದಿನ ಆರಾಮ ಇರ್ತೈತಿ. ಇದರ ಅಕ್ಕನೋ ತಂಗಿನೋ ಐತಲ್ಲ, ಅದಕ್ಕ ಮಾತ್ರ ಸೊಂಟ ಚಲೋ ಇರೋ ಗಂಡನ್ನ ನೋಡ್ರಿ."

ಹೊರಗೆ ಬಂದ ಮೇಲೆ ತಂಗಿ ನನ್ನ ತೋಳು ಹಿಡಿಯಲು ಬಂದಳು. "ಮುಟ್ಟಬೇಡ ನನ್ನ" ಎಂದೆ. ಅವಳದೇನು ತಪ್ಪು ಎಂದು ಕೇಳಬೇಡಿ. ತಪ್ಪಿದ್ದಿದ್ದರೆ ಜಗಳವಾಡಿ ಹಗುರವಾಗುತ್ತಿದ್ದೆ. ಅವಳು ಯಾವಾಗಲೂ ಸುಮ್ಮನೆ ಬಾಗಿಲಲ್ಲಿ ನಿಂತಿರುತ್ತಾಳೆ, ಎಲ್ಲವೂ ತಾನಾಗಿ ಅವಳ ಕಡೆಗೇ ಹೋಗುತ್ತದೆ. ಇದಕ್ಕಿಂತ ಉರಿಸುವ ಗುಣ ಇನ್ನೊಂದಿಲ್ಲ. ಆಟೊದಲ್ಲಿ ಮಂಪರು ಇಳಿಯದ ನನ್ನವಳ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ಊರು ಮುಟ್ಟುವವರೆಗೂ ಅವಳ ನಾಯಿಯನ್ನು ಗುರಾಯಿಸಿದೆ. ಅದು ನನ್ನ ಚಪ್ಪಲಿಯ ಮೇಲೆ ಮೂತಿಯಿಟ್ಟು ನಿದ್ದೆ ಹೋಗಿತ್ತು.

ಮರುದಿನ ಅಪ್ಪನಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಅವನು ಹೇಳಿದ್ದು ಇಷ್ಟು. "ಡಾಕ್ಟ್ರು ಹೇಳಿದ್ದು ಸರಿ ಕಣಮ್ಮ. ನಾವೂ ಹಂಗೆ ಅಲ್ವಾ? ಕಾಲು ನೋಡ್ದೆ, ಹಲ್ಲು ನೋಡ್ದೆ ಟಗರನ್ನ ಹಿಂಡಿಗೆ ಬಿಡ್ತಿದ್ವಾ?"

ನನಗೆ ಮೈಯೆಲ್ಲ ಉರಿದುಹೋಯಿತು. "ಹಂಗಾರೆ ನಮ್ಮಮ್ಮನ್ನ ಯಾಕೆ ಕಟ್ಕೊಂಡೆ? ಅವಳ ಕಾಲು ನೋಡ್ಲಿಲ್ವಾ ನೀನು? ನೋಡಿದ್ರೆ ನಾನು ಹಿಂಗೆ ಹುಟ್ತಾನೇ ಇರ್ಲಿಲ್ಲ" ಎಂದೆ.

ಅಪ್ಪನೂ ರೇಗಿದ.

"ನಿಮ್ಮಮ್ಮ ಏನು ಕುರೀನಾ?" ಎಂದ. "ನೋಡಾಕೆ ಹೋದಾಗ ನಮ್ಮಣ್ಣ ನೀರು ಕೇಳ್ದ. ಅವಳು ಎದ್ದು ತಂದು ಕೊಟ್ಳು. ಇನ್ನೊಂದ್ಸಲ ಕೇಳ್ದ. ಆಗ 'ನಿಮ್ಮಣ್ಣನಿಗೆ ಏನು ಹೊಟ್ಟೆ ತೂತು ಬಿದ್ದೈತಾ?' ಅಂತ ನನ್ನನ್ನೇ ಕೇಳಿದ್ಳು. ಆ ಬಾಯಿ ಕೇಳಿ ಒಪ್ಕೊಂಡೆ ನಾನು. ಅದೂ ನಿಂಗೇ ಬಂದೈತಲ್ಲ, ಅದು ಲೆಕ್ಕಕ್ಕಿಲ್ವಾ?"

ಇದನ್ನು ಅವನು ಅದಕ್ಕೆ ಮೊದಲು ಎಂದೂ ಹೇಳಿರಲಿಲ್ಲ. ನನಗೆ ಅಳು ಬಂತು, ಆದರೆ ಅಪ್ಪನಿಗೆ ಕೇಳಿಸಗೊಡಲಿಲ್ಲ. ಮರಿಯ ಆಸೆಯನ್ನೂ ಬಿಡಲಿಲ್ಲ. ಅಷ್ಟು ಬೇಗ ಒಳ್ಳೆಯವಳಾಗುವ ಜಾಯಮಾನ ನನ್ನದಲ್ಲ.

ಮೊಳಕಾಲ್ಮೂರು ರಸ್ತೆಯಲ್ಲಿ ಒಬ್ಬ ನಾಯಿಮರಿ ಮಾರುವವನಿದ್ದಾನೆ, ಅವನ ಬಳಿ ಅದೇ ಜಾತಿಯ ಗಂಡಿದೆ, ಎಕ್ಸ್‌ರೇ ಗಿಕ್ಸ್‌ರೇ ಏನೂ ಕೇಳುವುದಿಲ್ಲ ಎಂದು ಯೂನಿಟ್ಟಿನಲ್ಲಿ ಯಾರೋ ಹೇಳಿದರು. ರಜೆಯ ದಿನ ತಂಗಿಗೆ ಹೇಳದೆ ನನ್ನವಳನ್ನು ಕರೆದುಕೊಂಡು ಹೊರಟೆ. ತಂಗಿಯ ನಾಯಿ ಬೆದೆಗೆ ಬರುವುದು ಇನ್ನೂ ತಡವಿತ್ತು, ನನ್ನವಳು ಆಗಲೇ ಬಂದಿದ್ದಳು. ನನ್ನ ಮರಿಗಳು ಮೊದಲು ಹುಟ್ಟುತ್ತವೆ. ತಲೆಯಲ್ಲಿ ಅದೊಂದೇ ಇತ್ತು.

ಆ ಮನುಷ್ಯ ಒಳ್ಳೆಯ ಮಾತಿನವನೇ. "ಬರ್ರಿ ಅಕ್ಕಾರ, ಕುಂದರ್ರಿ" ಎಂದು ಕುರ್ಚಿ ಹಾಕಿದ. ನನ್ನವಳ ಸುತ್ತ ಒಂದು ಸುತ್ತು ಬಂದ. ಮೈ ಸವರಿದ, ಬಾಯಿ ತೆರೆಸಿ ಹಲ್ಲು ನೋಡಿದ. "ಏನ್ ಬಣ್ಣ ರೀ ಇದು! ಸ್ವಲ್ಪ ಓಡಿಸ್ರಿ ನೋಡಾಣ" ಎಂದ.

ಅಂಗಳದ ತುದಿಗೆ ಹೋಗಿ ಕರೆದೆ. ಅವಳು ಹಿಂಗಾಲೆರಡನ್ನೂ ಜೋಡಿಸಿ ಚಿಮ್ಮಿಕೊಂಡು ಬಂದಳು.

"ಆಹಾ! ಇದರ ಮರಿ ಹಿಂಗ ಓಡಿದ್ರ ಸಾಕು ರೀ, ಜನ ಮುಗಿಬಿದ್ದು ಒಯ್ತಾರ. ಇನ್ನೊಮ್ಮೆ ಓಡಿಸ್ರಿ, ಮೊಬೈಲ್‌ನಾಗ ಹಿಡ್ಕೊಂತೀನಿ."

ಇನ್ನೊಮ್ಮೆ. ತಟ್ಟೆಯಲ್ಲಿ ಸುಣ್ಣದ ಡಬ್ಬಿ ಇದ್ದಾಗಲೂ ಇನ್ನೊಮ್ಮೆ. ನನ್ನವಳು ನನ್ನ ಪಕ್ಕ ನಿಂತು, ಓಡು ಎಂದರೆ ಓಡಲು ಸಿದ್ಧಳಾಗಿ ಬಾಲ ಆಡಿಸುತ್ತಿದ್ದಳು. ಅವಳ ಹಿಂಗಾಲು ಸಣ್ಣಗೆ ನಡುಗುತ್ತಿದ್ದವು. ಅವಳ ಮರಿಗಳು ಹೀಗೆಯೇ ಜಿಗಿಯುತ್ತವೆ, ಯಾರೋ ಚಪ್ಪಾಳೆ ತಟ್ಟಿ ಒಯ್ಯುತ್ತಾರೆ, ಒಂದು ದಿನ ಅವು ಮೆಟ್ಟಿಲ ಮುಂದೆ ನಿಂತುಬಿಡುತ್ತವೆ. ಆಗ ಆ ಮನೆಯವರು ಏನು ಮಾಡುತ್ತಾರೆಂದು ನನಗೆ ಗೊತ್ತಿತ್ತು. ಚಿಕ್ಕದನ್ನು ಕೊಡಿ ಎಂದು ಹೇಳಿಕಳಿಸುತ್ತಾರೆ.

"ಆಗಲ್ಲ" ಎಂದೆ. "ನನ್ನ ಹುಡುಗಿ ಇನ್ನು ಯಾರ ಮುಂದೂ ಓಡಲ್ಲ."

ಅವನು ಕಕ್ಕಾಬಿಕ್ಕಿಯಾದ. "ಯಾಕ್ರಿ ಅಕ್ಕಾರ, ಏನಾತು?" ಎಂದು ಗೇಟಿನವರೆಗೂ ಬಂದ. ಆಟೊ ಸಿಗುವವರೆಗೂ ಇಬ್ಬರೂ ರಸ್ತೆಯ ಬದಿಯಲ್ಲಿ ನಡೆದೆವು, ವಾಲಿಕೊಂಡು ನಾನು, ನಿಂತು ನಿಂತು ಅವಳು. ಸ್ವಲ್ಪ ದಿನಗಳಲ್ಲೇ ಅವಳ ಆಪರೇಷನ್ ಮಾಡಿಸಿದೆ. ಬಾಗಿಲಿನ ಮೆಟ್ಟಿಲು ಒಡೆಸಿ ಇಳಿಜಾರು ಹಾಕಿಸಿದೆ. ಅದು ನನಗೂ ಅನುಕೂಲವಾಯಿತೆಂದು ಆಮೇಲೆ ಗೊತ್ತಾಯಿತು. ಅಷ್ಟು ವರ್ಷ ಆ ಮೆಟ್ಟಿಲನ್ನು ಬೈಯುತ್ತಲೇ ಹತ್ತಿದ್ದೆ, ಒಡೆಸಬಹುದೆಂದು ಹೊಳೆದಿರಲಿಲ್ಲ.

ತಂಗಿಯ ನಾಯಿಗೆ ಬಳ್ಳಾರಿಯ ಗಂಡು ಕೂಡಿತು. ಮರಿಗಳಾದವು. ಓಣಿಯ ಹೆಂಗಸರೆಲ್ಲ ಬಗ್ಗಿ ನೋಡಿದ್ದು ಅವಳ ಮನೆಯೊಳಗೆ. ನಾನು ಹೋಗಲಿಲ್ಲ. ಒಗ್ಗರಣೆಯ ಸದ್ದು ಕೇಳುವಷ್ಟು ಹತ್ತಿರ, ಮರಿಗಳ ಕುಂಯ್‌ಗುಡುವಿಕೆ ಹಗಲೆಲ್ಲ ಕೇಳುತ್ತಿತ್ತು. ನನ್ನವಳು ಕಿವಿ ನಿಮಿರಿಸಿ ಆ ಕಡೆಗೆ ನೋಡಿ, ಆಮೇಲೆ ನನ್ನನ್ನು ನೋಡುತ್ತಿದ್ದಳು. "ಏನ್ ನೋಡ್ತೀಯ? ಸುಮ್ನೆ ಬಿದ್ಕೊ" ಎಂದು ಗದರುತ್ತಿದ್ದೆ. ಅವಳಿಗೇನೂ ಹೊಟ್ಟೆಕಿಚ್ಚಿರಲಿಲ್ಲ, ಇದ್ದದ್ದೆಲ್ಲ ನನ್ನದು. ಆ ದಿನಗಳಲ್ಲಿ ನನ್ನ ಟೇಬಲ್ಲಿನಿಂದ ಡ್ಯಾಮೇಜ್ ಗುಡ್ಡೆಗೆ ಹೋದ ಪ್ಯಾಂಟುಗಳಲ್ಲಿ ಕೆಲವಕ್ಕೆ ಏನೂ ಆಗಿರಲಿಲ್ಲ ಎಂದು ಟೈಲರುಗಳು ಇವತ್ತಿಗೂ ಹೇಳುತ್ತಾರೆ.

ಮರಿಗಳು 'ಮೊದಲ ಮರಿ ತವರಿಗೆ' ಅನ್ನುವ ವಯಸ್ಸಿಗೆ ಬಂದವು. ತಂಗಿ ಮಡಕಶಿರಾ ಬಸ್ಸು ಹತ್ತುತ್ತಾಳೆ, ಅಪ್ಪ ತೋಟದ ಗೇಟಿನಲ್ಲಿ ನಿಂತು "ಭಲೇ" ಎನ್ನುತ್ತಾನೆ ಎಂದು ಮನಸ್ಸಿನಲ್ಲೇ ನೂರು ಸಲ ನೋಡಿಬಿಟ್ಟಿದ್ದೆ. ಒಂದು ಭಾನುವಾರ ಬೆಳಿಗ್ಗೆ ಅವಳು ಹೊಸ ಸೀರೆ ಉಟ್ಟು, ಸೆರಗಿನಲ್ಲಿ ಬೂದು ಬಣ್ಣದ ಒಂದು ಮರಿಯನ್ನು ಸುತ್ತಿಕೊಂಡು ಮನೆಯಿಂದ ಹೊರಬಿದ್ದಳು. ಬಸ್‌ಸ್ಟ್ಯಾಂಡಿನ ಕಡೆ ತಿರುಗುವ ಬದಲು ನನ್ನ ಬಾಗಿಲಿಗೆ ಬಂದಳು.

"ಊರಿಗೆ ಹೊರಟೆಯೇನು? ಹೋಗ್ಬಾ" ಎಂದೆ, ಮುಖ ನೋಡದೆ.

"ಬಂದಾಯ್ತಲ್ಲ" ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳು ಮರಿಯನ್ನು ನೆಲಕ್ಕೆ ಬಿಟ್ಟಳು. ಅದು ಒಂದೊಂದೇ ಹೆಜ್ಜೆ ಇಟ್ಟು ನನ್ನವಳ ಹತ್ತಿರ ಹೋಗಿ ಅವಳ ಹೊಟ್ಟೆಗೆ ಒತ್ತಿಕೊಂಡಿತು.

"ಮೊದಲ ಮರಿ ತವರಿಗೆ ಅಲ್ವಾ ಅಕ್ಕ. ಅಪ್ಪ ಇರೋದು ಯಾರದೋ ತೋಟದಾಗೆ. ಅಮ್ಮ ಹೋದ್ಮೇಲೆ ನಂಗೆ ತವರು ಅಂತ ಇರೋದು ಇದೊಂದೇ ಮನೆ. ಅಪ್ಪನ್ನ ಕೇಳ್ದೆ. ಅವನೂ ಇಲ್ಲಿಗೇ ಕೊಡು ಅಂದ."

ಅಮ್ಮನ ಜಾಗವನ್ನು ಕೂಡ ನನಗೆ ಇವಳೇ ಕೈಯೆತ್ತಿ ಕೊಡಬೇಕಾಯಿತಲ್ಲ, ಅದನ್ನೂ ನಾನಾಗಿ ಪಡೆಯಲಾಗಲಿಲ್ಲವಲ್ಲ ಎಂದು ಆ ಹೊತ್ತಿನಲ್ಲೂ ಒಂದು ಮೂಲೆಯಲ್ಲಿ ಉರಿಯುತ್ತಿತ್ತು. ಆದರೆ ತವರಿಗೆ ಬಂದ ಹೆಣ್ಣನ್ನು ಮಡಿಲು ತುಂಬದೆ ಕಳಿಸುವಂತಿಲ್ಲ.

"ಕೂತ್ಕೊ. ಸೆರಗು ಒಡ್ಡು. ಅರಿಶಿನ ಕುಂಕುಮ ಎಲ್ಲೈತೋ, ಕೊಬ್ಬರಿ ಐತೋ ಇಲ್ವೋ, ಹೇಳಿ ಬರಬಾರದಾ ನೀನು?" ಎಂದು ರೇಗುತ್ತ ಅಕ್ಕಿ ತರಲು ಒಳಗೆ ನಡೆದೆ. ಹಿಂದಿನಿಂದ ಅವಳ ದನಿ ಕೇಳಿತು.

"ಅಮ್ಮ ನಡೆದಂಗೇ ನಡೀತೀಯ ಅಕ್ಕ."

ನಿಂತೆ. ತಿರುಗಲಿಲ್ಲ.

"ಅಡುಗೆಮನೇಗೆ ಅಕ್ಕಿ ತರಾಕೆ ಅಮ್ಮನೇ ಹೋದಂಗಾಯ್ತು. ನೀನಾದ್ರೆ ಸುಮ್ನೆ ಎದ್ದು ಓಡಾಡಿದ್ರೆ ಸಾಕು, ಅಮ್ಮ ಮನೇಲಿರ್ತಾಳೆ. ನಂಗೆ ಬರೀ ಕೂದಲು ಬಂತು. ಅದೂ ಉದುರ್ತೈತೆ."

ಆ ದನಿಯಲ್ಲಿ ಏನಿತ್ತೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದನ್ನು ಗುರುತಿಸುವುದರಲ್ಲಿ ನನ್ನನ್ನು ಮೀರಿಸುವವರು ಆ ಓಣಿಯಲ್ಲಿ ಯಾರೂ ಇಲ್ಲ. ಅವಳಿಗೆ ಹೊಟ್ಟೆಕಿಚ್ಚಾಗಿತ್ತು, ನನ್ನ ಸೊಂಟದ ಮೇಲೆ.

ಅಕ್ಕಿ ತಂದು ಅವಳ ಮಡಿಲಿಗೆ ಹಾಕಿದೆ. ಬೆಲ್ಲ, ಕೊಬ್ಬರಿ, ರವಿಕೆ ಕಣ ಎಲ್ಲವನ್ನೂ ಒಂದೇ ಸಲ ತರಬಹುದಾಗಿತ್ತು. ತರಲಿಲ್ಲ. ಒಂದೊಂದಕ್ಕೂ ಎದ್ದು ಒಳಗೆ ಹೋಗಿ ಬಂದೆ. ಅವಳು ನೋಡಲಿ ಎಂದು.